ದೊರೆಯ ನಮಸ್ಕಾರ

ನಮ್ಮ ನಾಯಿ ದೊರೆ ಮೊದಲ ಸಲ ನಮಸ್ಕಾರ ಹಾಕಿದ್ದು ಶ್ರಾವಣದ ಎರಡನೇ ಸೋಮವಾರ. ಮಾವ ಪೂಜೆ ಮುಗಿಸಿ ಆರತಿ ಎತ್ತುವ ಹೊತ್ತಿಗೆ ಸರಿಯಾಗಿ, ದೇವರ ಮನೆಯ ಹೊರಗೆ ಅವನು ಮುಂಗಾಲೆರಡನ್ನೂ ಚಾಚಿದ. ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನು ಮಾತ್ರ ಮೇಲೆತ್ತಿ, ತಲೆಯನ್ನು ಕಾಲುಗಳ ನಡುವೆ ಇಳಿಬಿಟ್ಟು ಹಾಗೇ ನಿಂತ. ಗಂಟೆ ನಿಂತಿತು, ಆರತಿ ಇಳಿಯಿತು, ಅವನು ಅಲ್ಲಾಡಲಿಲ್ಲ.

"ಅಯ್ಯೋ ಶಿವನೇ, ಇಲ್ನೋಡ್ರೀ!" ಎಂದರು ಅತ್ತೆ ಶಿವರುದ್ರಮ್ಮ.

ಮಾವ ತಟ್ಟೆ ಹಿಡಿದೇ ತಿರುಗಿದರು. ನಮ್ಮ ಮಾವ ಏಕಾಂತಯ್ಯ ತಿಪಟೂರಿನಲ್ಲಿ ನಲವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದವರು, ಸುಲಭಕ್ಕೆ ಬೆರಗಾಗುವವರಲ್ಲ. ಅವತ್ತು ಅವರ ಕಣ್ಣು ತುಂಬಿತು.

"ಯಾರಮ್ಮ ಹೇಳ್ಕೊಟ್ರು ಇವನಿಗೆ? ಮೂಕ ಪ್ರಾಣಿ. ಹೋದ ಜನ್ಮದಾಗೆ ಯಾವುದೋ ಮಠದಾಗೆ ಇದ್ದೋನು ಕಣಮ್ಮ ಇವನು."

ನೈವೇದ್ಯಕ್ಕೆ ಇಟ್ಟಿದ್ದ ಕೊಬ್ಬರಿ ಬಟ್ಟಲನ್ನು ಎರಡು ಹೋಳು ಮಾಡಿ, ಒಂದನ್ನು ಬೆಲ್ಲದ ಅಚ್ಚಿನ ಸಮೇತ ಅವನ ಬಾಯಿಗೆ ಕೊಟ್ಟರು. ದೊರೆ ಎದ್ದ, ಅಗಿಯದೆ ನುಂಗಿದ, ಇನ್ನೊಂದು ಹೋಳಿಗೆ ಕಾದ. ಅದೂ ಸಿಕ್ಕಿತು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅವನು ನಮಸ್ಕಾರದಲ್ಲಿದ್ದಾಗ ಹಿಂದಿನ ಕಾಲುಗಳು ನಡುಗುತ್ತಿದ್ದವು. ತಂತಿಯೊಂದು ಮಿಡಿದ ಹಾಗೆ, ಸಣ್ಣ ನಡುಕ. ಬೇರೆ ಯಾರೂ ಅದನ್ನು ನೋಡಲಿಲ್ಲ. ನಾನು ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಎರಡು ಸಲ ನೋಡುವವಳು, ಮಳೆ ಬರುವ ಮುಂಚೆಯೇ ಬಟ್ಟೆ ಎತ್ತುವವಳು ಎಂದು ಹೆಸರು. "ಜೀವಿತಾಗೆ ಅಕ್ಕಿಯಲ್ಲಿ ಕಲ್ಲು ಕಾಣದಿದ್ರೆ ನಿದ್ದೆ ಬರಲ್ಲ" ಎಂದು ನನ್ನ ಗಂಡ ಜ್ಞಾನೇಶ್ ನೆಂಟರ ಮುಂದೆಯೂ ಹೇಳುತ್ತಾರೆ. ಆದ್ದರಿಂದ ಸುಮ್ಮನಿದ್ದೆ. ಅದು ನನ್ನ ತಪ್ಪು.

ಮಧ್ಯಾಹ್ನ ದೊರೆ ಹಿತ್ತಿಲಲ್ಲಿ ಎರಡು ಸಲ ವಾಂತಿ ಮಾಡಿದ. ಮಾರನೆಯ ದಿನ ಅವನಿಗೆ ಅನ್ನ ಹಾಕಿದರೆ ಮೂಸಿ ಮುಖ ತಿರುಗಿಸಿದ. ದೊರೆ ಲ್ಯಾಬ್ರಡಾರ್. ಆರು ವರ್ಷದ ಹಿಂದೆ ಜ್ಞಾನೇಶ್ ಹಾಸನದಿಂದ, ಅಪ್ಪ ಅಮ್ಮನ ವಂಶಾವಳಿಯ ಕಾಗದದ ಸಮೇತ ತಂದ ಮರಿ. ಆ ಆರು ವರ್ಷದಲ್ಲಿ ಅವನು ಬಾಳೆಹಣ್ಣಿನ ಸಿಪ್ಪೆ ತಿಂದಿದ್ದಾನೆ, ನೆಲ ಒರೆಸುವ ಬಟ್ಟೆ ತಿಂದಿದ್ದಾನೆ, ಮಾವನ ಒಂದು ಚಪ್ಪಲಿಯ ಪಟ್ಟಿ ತಿಂದಿದ್ದಾನೆ. ಊಟಕ್ಕೆ ಬೇಡ ಎಂದದ್ದು ಅದೇ ಮೊದಲು.

"ಶ್ರಾವಣ ಅಲ್ವೇ, ಉಪವಾಸ ಮಾಡ್ತಾವನೆ," ಎಂದರು ಅತ್ತೆ. ಅರ್ಧ ತಮಾಷೆ, ಅರ್ಧ ನಿಜ.

ಬುಧವಾರ ಮತ್ತೆ ತಿನ್ನತೊಡಗಿದ. ನಾನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟೆ: ಸೋಮ ನಮಸ್ಕಾರ, ವಾಂತಿ ಎರಡು. ಮಂಗಳ ಊಟ ಇಲ್ಲ.

ಮೂರನೇ ಸೋಮವಾರ ಮತ್ತೆ ನಮಸ್ಕಾರ ಹಾಕಿದ. ಈ ಸಲ ಮಾವನ ಸ್ನೇಹಿತರಾದ ಮಾರುಕಟ್ಟೆಯ ಅಣ್ಣಯ್ಯನವರು ಕಾಫಿಗೆಂದು ಬಂದಿದ್ದರು. ಫೋನ್ ತೆಗೆದು ವಿಡಿಯೋ ಮಾಡಿಕೊಂಡರು. ಸಂಜೆ ಹೊತ್ತಿಗೆ ಅದು ಅರ್ಧ ತಿಪಟೂರಿನ ಸ್ಟೇಟಸ್‌ನಲ್ಲಿತ್ತು. "ಏಕಾಂತಯ್ಯನವರ ಮನೆಯ ಶಿವಭಕ್ತ ಶ್ವಾನ." ಕೆಳಗೆ ಕೈ ಮುಗಿದ ಗುರುತುಗಳ ಸಾಲು. ಅರಳಗುಪ್ಪೆಯಿಂದ ನಾದಿನಿ ಫೋನ್ ಮಾಡಿ, "ಅತ್ತಿಗೆ, ಮುಂದಿನ ಸೋಮವಾರ ನಾವೂ ಬತ್ತೀವಿ, ದೊರೆಗೆ ಸ್ನಾನ ಮಾಡ್ಸಿ ವಿಭೂತಿ ಹಚ್ಚಿ ಇಟ್ಟಿರಿ," ಎಂದಳು.

ಆದರೆ ಅಷ್ಟರಲ್ಲಿ ನಾನು ಇನ್ನೊಂದು ನೋಡಿದ್ದೆ. ಹಿಂದಿನ ದಿನ, ಭಾನುವಾರ ಸಂಜೆ, ಅವನು ಅಂಗಳದಲ್ಲಿ ಜ್ಞಾನೇಶರ ಸ್ಕೂಟರಿಗೂ ನಮಸ್ಕಾರ ಹಾಕಿದ್ದ. ಅದೇ ಭಂಗಿ, ಅದೇ ನಡುಕ, ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಭಾನುವಾರ ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಉಂಡೆ ಬಿಡಿಸುವ ದಿನ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಉಂಡೆಯನ್ನು ಮುಕ್ಕಾಗದಂತೆ ತೆಗೆಯಬೇಕು. ಒಡೆದ ಉಂಡೆಗೆ ಬೆಲೆ ಇಲ್ಲ. ಆ ಒಡೆದ ಚೂರುಗಳೆಲ್ಲ ದೊರೆಗೆ. ಆರು ಹೆಂಗಸರು ಕೂತಿರುತ್ತಾರೆ. ಆರೂ ಜನಕ್ಕೆ ದೊರೆ ಎಂದರೆ ಪ್ರಾಣ.

ಭಾನುವಾರ ಕೊಬ್ಬರಿ. ಸೋಮವಾರ ಭಕ್ತಿ. ಕ್ಯಾಲೆಂಡರಿನ ಹಿಂದೆ ಇದನ್ನು ಬರೆದು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.

ಮಂಗಳವಾರ ಯಾರಿಗೂ ಹೇಳದೆ ದೊರೆಯನ್ನು ಆಟೋಗೆ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ದನದ ಆಸ್ಪತ್ರೆಯಲ್ಲ, ಡಾಕ್ಟರ್ ಯೋಗಿತಾ ಎಂಬುವವರು ನಾಯಿ ಬೆಕ್ಕಿಗೆಂದೇ ಹೊಸದಾಗಿ ಹಾಕಿದ್ದ ಸಣ್ಣ ಕ್ಲಿನಿಕ್. ಬೆಂಚಿನ ಮೇಲೆ ನಮಗಿಂತ ಮುಂಚೆ ಮೂವರಿದ್ದರು.

ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಬಿಳಿ ಪರ್ಷಿಯನ್ ಬೆಕ್ಕು. ಮುಖ ಬಾಗಿಲಿಗೆ ಹೊಡೆದುಕೊಂಡ ಹಾಗೆ ಚಪ್ಪಟೆ, ಎರಡೂ ಕಣ್ಣಿಂದ ಕಂದು ಬಣ್ಣದ ನೀರು. "ತಂದಾಗಿಂದ ಅಳ್ತಾನೇ ಐತೆ ಕಣ್ರೀ. ಮನೇಲಿ ಹಿಂಗೆ ಅಳೋದು ಒಳ್ಳೇದಲ್ಲ ಅಂತ ನಮ್ಮತ್ತೆ ಕಾಟ," ಎಂದಳು. ಅವಳಾಚೆ ಒಂದು ಪಗ್, ಕೂತಲ್ಲೇ ಗೊರಕೆ ಹೊಡೆಯುತ್ತಿತ್ತು. ಬಾಗಿಲ ಹತ್ತಿರ ಕಂದಿಕೆರೆಯ ಕಲ್ಲೇಶ್ ಎಂಬುವರು ತೋಟ ಕಾಯಲು ಸಾಕಿದ ಜರ್ಮನ್ ಶೆಫರ್ಡ್. ಎದ್ದರೆ ಹಿಂದಿನ ಎರಡು ಕಾಲನ್ನೂ ಮೊಲದ ಹಾಗೆ ಒಟ್ಟಿಗೆ ಎಳೆಯುತ್ತಿತ್ತು.

ಡಾಕ್ಟರ್ ಬಾಗಿಲು ತೆರೆದಿಟ್ಟೇ ನೋಡುತ್ತಿದ್ದರು, ಮಾತೆಲ್ಲ ಹೊರಗೆ ಕೇಳುತ್ತಿತ್ತು.

"ಯಾರೋ ದೊಣ್ಣೇಲಿ ಹೊಡ್ದವ್ರೆ ಡಾಕ್ಟ್ರೇ," ಎಂದರು ಕಲ್ಲೇಶ್. "ಪಕ್ಕದ ತೋಟದೋರ ಮೇಲೆ ಕಂಪ್ಲೇಂಟ್ ಕೊಡಾನ ಅಂತಿದ್ದೆ."

"ಕೊಡಬೇಡಿ. ಸೊಂಟದ ಕೀಲು ಗೂಡಲ್ಲಿ ಸರಿಯಾಗಿ ಕೂತಿಲ್ಲ. ಈ ತಳೀಲಿ ಇದು ಹುಟ್ಟಿನಿಂದ ಬರೋ ತೊಂದರೆ."

"ಅದರಪ್ಪ ಡಾಗ್ ಶೋದಾಗೆ ಕಪ್ ಗೆದ್ದಿತ್ತಂತೆ!"

"ಕಪ್ ಕೊಟ್ಟೋರು ಎಕ್ಸ್‌ರೇ ತೆಗೆದು ನೋಡಿರಲ್ಲ ಬಿಡಿ."

ಬೆಕ್ಕಿನವಳಿಗೆ, ಅದು ಅಳುತ್ತಿಲ್ಲ, ಮುಖ ಒತ್ತಿಹೋಗಿದ್ದರಿಂದ ಕಣ್ಣೀರಿನ ನಾಳ ಮಡಚಿದೆ, ದಿನಾ ಕಣ್ಣು ಒರೆಸಬೇಕು ಎಂದರು. ಈ ತಳಿಗೆ ಕಿಡ್ನಿ ತೊಂದರೆಯೂ ಬರುತ್ತದೆ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಎಂದರು. ಪಗ್‌ನವರಿಗೆ, ಇದು ನಿದ್ದೆಯ ಗೊರಕೆಯಲ್ಲ, ಉಸಿರಾಟಕ್ಕೇ ಪರದಾಟ, ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಬಿಟ್ಟರೆ ಪ್ರಾಣಕ್ಕೆ ಅಪಾಯ ಎಂದರು. ಒಬ್ಬೊಬ್ಬರೂ ಒಂದೊಂದು ಬೇರೆ ಕಥೆ ನಂಬಿಕೊಂಡು ಬಂದಿದ್ದರು. ನಮ್ಮ ಮನೆಯದೂ ಒಂದು ಕಥೆ.

ದೊರೆಯನ್ನು ತೂಕಕ್ಕೆ ನಿಲ್ಲಿಸಿದರು. ನಲವತ್ಮೂರು ಕೆಜಿ. "ಇವನು ಮೂವತ್ತೆರಡರ ಹತ್ರ ಇರಬೇಕಿತ್ತು," ಎಂದು ಹೊಟ್ಟೆಯ ಮೇಲ್ಭಾಗ ಒತ್ತಿದರು. ಯಾವತ್ತೂ ಯಾರಿಗೂ ಗುರ್ ಎನ್ನದ ದೊರೆ ತಲೆ ತಿರುಗಿಸಿ ಅವರ ಮಣಿಕಟ್ಟನ್ನು ಬಾಯಲ್ಲಿ ಹಿಡಿದ. ಕಚ್ಚಲಿಲ್ಲ, ಹಿಡಿದ ಅಷ್ಟೇ. ನಾನು ವಿಡಿಯೋ ತೋರಿಸಿದೆ. ಸ್ಕೂಟರಿನದನ್ನೂ ಹೇಳಿದೆ.

ಡಾಕ್ಟರ್ ವಿಡಿಯೋ ಎರಡು ಸಲ ನೋಡಿದರು. "ಎಲ್ಲರೂ ಕೈ ಮುಗೀತಿದ್ದಾರಲ್ಲ?"

"ನಮಸ್ಕಾರ ಹಾಕ್ತಿದ್ದಾನೆ ಅಂತ."

"ನಮ್ಮ ಪುಸ್ತಕದಲ್ಲೂ ಇದಕ್ಕೆ ಪ್ರಾರ್ಥನೆಯ ಭಂಗಿ ಅಂತಲೇ ಹೆಸರು. ಹೊಟ್ಟೆ ಮೇಲ್ಭಾಗ ಉರಿದುಹೋಗುವಾಗ ನಾಯಿ ಹೀಗೆ ನಿಲ್ಲುತ್ತೆ. ಹೀಗೆ ಎಳೆದು ನಿಂತರೆ ನೋವು ಒಂಚೂರು ಕಡಿಮೆ ಆಗುತ್ತೆ. ಏನು ತಿನ್ನಿಸ್ತೀರಿ ಇವನಿಗೆ?"

ಹೇಳಿದೆ. ಕೊಬ್ಬರಿ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ಎಷ್ಟು ಎಂದರು. ಲೆಕ್ಕ ಇಟ್ಟವರಿಲ್ಲ, ಭಾನುವಾರ ಒಂದು ಸೇರಿಗೆ ಕಡಿಮೆಯಿಲ್ಲ ಎಂದೆ.

ರಕ್ತ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿದರು. ಜಿಡ್ಡು ಅರಗಿಸುವ ರಸ ಸುರಿಸುವ ಮೇದೋಜೀರಕ ಗ್ರಂಥಿ ಊದಿತ್ತು. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲು ಬರೀ ಎಣ್ಣೆ. ಅಷ್ಟು ಜಿಡ್ಡು ಒಟ್ಟಿಗೆ ಬಿದ್ದರೆ ಆ ಗ್ರಂಥಿ ಕೆರಳಿ ತನ್ನನ್ನೇ ತಾನು ಅರಗಿಸಿಕೊಳ್ಳತೊಡಗುತ್ತದೆ. ಬೊಜ್ಜಿನ ನಾಯಿಗಳಿಗೆ ಇನ್ನೂ ಸುಲಭವಾಗಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ತಲುಪುವುದೇ ಇಲ್ಲವಂತೆ, ಹುಟ್ಟಿನಿಂದಲೇ ಆ ಕೊರತೆ. ಇವನು ಅಂಥವನೇ ಇರಬೇಕು, ಬೇಡ ಅನ್ನುವುದು ಇವನ ಕೈಯಲ್ಲಿಲ್ಲ, ಕೊಡುವವರ ಕೈಯಲ್ಲಿದೆ ಎಂದರು.

"ಚರ್ಮ ತೆಗೆದ ಕೋಳಿ ಬೇಯಿಸಿ, ಅನ್ನದ ಜೊತೆ ಕೊಡಿ."

"ಮೇಡಂ, ನಮ್ಮ ಮನೇಲಿ ಕೋಳಿ ಹೆಸರು ಎತ್ತಿದರೆ ನಾನೂ ನಾಯಿಯೂ ಒಟ್ಟಿಗೆ ಬೀದೀಲಿರ್ತೀವಿ."

ನಕ್ಕು, ಜಿಡ್ಡು ಕಡಿಮೆ ಇರುವ ಪ್ಯಾಕೆಟ್ ಆಹಾರ ಬರೆದುಕೊಟ್ಟರು. ಹೊರಡುವಾಗ ಮಾತ್ರ ನಗಲಿಲ್ಲ. "ಕೇಳಿ ಇಲ್ಲಿ. ಇದು ಸಣ್ಣ ಏಟು. ಮುಂದಿನದು ದೊಡ್ಡದಾಗಿ ಬಂದರೆ ಉಳಿಸ್ತೀನಿ ಅಂತ ಮಾತು ಕೊಡೋಕೆ ನನಗೆ ಆಗಲ್ಲ. ಒಂದು ಚೂರೂ ಬೇಡ."

ಆಟೋದಲ್ಲಿ ಬರುತ್ತ ಮಾತನ್ನು ಜೋಡಿಸಿಕೊಂಡೆ. ವಿಷ ಎನ್ನಬಾರದು. ಕೆಟ್ಟದ್ದು ಎನ್ನಬಾರದು. ಇವನಿಗೆ ಒಗ್ಗುವುದಿಲ್ಲ, ಅಷ್ಟೇ ಹೇಳಬೇಕು. ಅಷ್ಟೇ ಹೇಳಿದೆ. ಆದರೂ ಮಾವ ಕೇಳಿಸಿಕೊಂಡದ್ದು ಬೇರೆ.

"ತಿಪಟೂರಿನಾಗೆ ನಿಂತ್ಕೊಂಡು, ಕೊಬ್ಬರಿ ಅಂಗಡಿ ಒಳಗೆ ನಿಂತ್ಕೊಂಡು, ಕೊಬ್ಬರಿ ವಿಷ ಅಂತೀಯಲ್ಲಮ್ಮ!"

"ವಿಷ ಅಂದಿಲ್ಲ ಮಾವ. ಅವನಿಗೆ ಒಗ್ಗಲ್ಲ ಅಂದೆ."

"ನಮ್ಮಪ್ಪ ಕೊಬ್ಬರಿ ಬೆಲ್ಲ ತಿಂದು ತೊಂಬತ್ತೆರಡು ವರ್ಷ ಬಾಳಿದ್ದು."

"ಅವರು ಲ್ಯಾಬ್ರಡಾರ್ ಆಗಿರಲಿಲ್ಲ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯಲಿಲ್ಲ. ಅತ್ತೆ ಒಳಗೆ ಹೋದರು. ಜ್ಞಾನೇಶ್ ಫೋನ್ ನೋಡತೊಡಗಿದರು. ಮಾವ, "ಆಯ್ತು ಬುಡು. ಕೊಡಲ್ಲ," ಎಂದರು.

ಕೊಟ್ಟರು. ಅಂಗಿಯ ಜೇಬಿನಲ್ಲಿ ಚೂರು ಇಟ್ಟುಕೊಂಡು, ಪೇಪರ್ ಓದುವ ನೆಪದಲ್ಲಿ ಜಗುಲಿಗೆ ಹೋಗಿ ಕೊಟ್ಟರು. ಅಂಗಿ ಒಗೆಯಲು ಹಾಕಿದಾಗ ಜೇಬಿನ ತುಂಬ ಎಣ್ಣೆಯ ಕಲೆ. ಗುರುವಾರ, ಭಾನುವಾರ ಉಳಿದ ಕಾಯಿ ಒಡೆಯಲು ಬಂದಿದ್ದ ಹುಚ್ಚಕ್ಕ ಶೆಡ್ಡಿನಲ್ಲಿ ಕೊಟ್ಟಳು. ಹುಚ್ಚಕ್ಕ ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಉಂಡೆ ಬಿಡಿಸುವವಳು. ನನ್ನನ್ನು ಕಂಡು ಕೈಯನ್ನು ಸೆರಗಿನೊಳಗೆ ಹಾಕಿಕೊಂಡಳು.

"ಒಂದೇ ಒಂದು ಕಣಕ್ಕಾ. ಮುಖ ನೋಡಿದ್ರೆ ಕೊಡದೆ ಇರಕ್ಕಾಗಲ್ಲ. ನಮ್ಮ ಕರಿಯ ಹದಿನಾಕು ವರ್ಷ ಇದೇ ಕೊಬ್ಬರಿ ತಿಂದು ಬದುಕಿದ. ಒಂದಿನ ಕೆಮ್ಮಲಿಲ್ಲ."

"ಕರಿಯ ಬೀದಿನಾಯಿ ಹುಚ್ಚಕ್ಕ. ದಿನಕ್ಕೆ ಊರು ಮೂರು ಸುತ್ತು ಬರ್ತಿದ್ದ. ಇವನು ಅಡುಗೆಮನೆಯಿಂದ ಜಗುಲಿಗೆ ಬಂದರೆ ಸುಸ್ತು."

"ಅಂಗಾರೆ ಜಾತಿ ನಾಯಿ ಅಂತ ಯಾಕ್ ತರಬೇಕಿತ್ತು, ತಿನ್ನಕ್ಕೂ ಯೋಗ್ತೆ ಇಲ್ದೋವು," ಎಂದು ಹುಚ್ಚಕ್ಕ ಚಿಪ್ಪಿಗೆ ಕತ್ತಿ ಹಾಕಿದಳು. 

ಅವತ್ತು ಸಂಜೆಯೇ ಬೋರ್ಡ್ ಬರೆದೆ. ಹಳೆಯ ತಗಡಿನ ತುಂಡು, ಕೆಂಪು ಬಣ್ಣ. ಮೂರು ಸಲ ಬರೆದು ಅಳಿಸಿ, ಕೊನೆಗೆ ಇಷ್ಟು ಉಳಿಸಿದೆ: "ಈ ನಾಯಿಗೆ ಕಾಯಿಲೆ ಇದೆ. ಕೊಬ್ಬರಿ ಕೊಡಬೇಡಿ. ಕೊಟ್ಟರೆ ಸಾಯುತ್ತದೆ." ಮನೆ ಮುಂದಿನ ಅಂಗಡಿಯ ಕಂಬಕ್ಕೆ, ದೊರೆ ಮಲಗುವ ಜಾಗದ ಮೇಲೆ ಕಟ್ಟಿದೆ.

ಮಾರನೆಯ ದಿನ ಹನ್ನೊಂದು ಗಂಟೆಗೆಲ್ಲ ಅಣ್ಣಯ್ಯನವರ ದನಿ ರಸ್ತೆಯವರೆಗೂ ಕೇಳಿತು. "ಲೇ ಏಕಾಂತಯ್ಯ! ನಿನ್ನ ಕೊಬ್ಬರಿ ತಿಂದ್ರೆ ನಾಯೀನೂ ಸಾಯ್ತದಂತಲ್ಲೋ! ಮನುಷ್ಯರ ಗತಿ ಏನಪ್ಪ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾವನೂ ನಕ್ಕರು. ಆ ನಗು ನಾನು ನೋಡಿದೆ. ಹಲ್ಲುನೋವಿನವರು ನಗುವ ಹಾಗಿತ್ತು. ಸಂಜೆಗೆ ಮಾರುಕಟ್ಟೆಯಲ್ಲಿ ಮಾತು ಇನ್ನೂ ಬೆಳೆದಿತ್ತು: ಏಕಾಂತಯ್ಯನ ಅಟ್ಟದಲ್ಲಿ ಕೊಬ್ಬರಿ ಬೆಳ್ಳಗಾಗಲಿ ಅಂತ ಗಂಧಕದ ಹೊಗೆ ಹಾಕ್ತಾರಂತೆ, ಅದಕ್ಕೇ ನಾಯಿ ಬಿತ್ತಂತೆ. ನಲವತ್ತು ವರ್ಷದಲ್ಲಿ ಮಾವ ಕೊಬ್ಬರಿಗೆ ಹೊಗೆ ಹಾಕಿದವರಲ್ಲ, ಗಂಧಕ ಮುಟ್ಟಿದವರಲ್ಲ. ಅವರು ಹೆಸರು ಗಳಿಸಿದ್ದೇ ಅದರಿಂದ. ಅವರು ಬೋರ್ಡ್ ಬಿಚ್ಚಿ ಅಟ್ಟದ ಮೆಟ್ಟಿಲ ಕೆಳಗೆ ಎಸೆದರು.

ನಾನು ಮತ್ತೆ ಕಟ್ಟಿದೆ. ಅವರು ಮತ್ತೆ ಬಿಚ್ಚಿದರು.

"ಅಪ್ಪನ ಮರ್ಯಾದೆ ಕಣೇ," ಎಂದರು ಜ್ಞಾನೇಶ್. "ಈ ವಯಸ್ಸಲ್ಲಿ ಅವರಿಗೆ ಒಂದು ಖುಷಿ ಅಂದ್ರೆ ಆ ನಾಯಿ. ಅದನ್ನ ಕಿತ್ಕೋಬೇಡ."

"ಖುಷಿ ಅವರದು, ಹೊಟ್ಟೆ ದೊರೆಯದು. ನೀವು ತಂದ ನಾಯಿ ರೀ ಅದು. ವಂಶಾವಳಿ ನೋಡಿ ತಂದಿರಿ. ಅವನು ಎಷ್ಟು ದಿನ ಬದುಕಬೇಕು ಅಂತ ನೋಡಲ್ವಾ?"

"ಎಲ್ಲಾನೂ ದೊಡ್ಡದು ಮಾಡ್ತೀಯ."

"ದೊಡ್ಡದೇ ಇದೆ," ಎಂದೆ. ನಾನು ಹಾಗೆಲ್ಲ ಮಾತಾಡುವವಳಲ್ಲ. ಆದರೆ ಆ ವಾರ ಬಾಯಿಗೆ ಬಂದ ಮಾತನ್ನು ತಡೆಯುವುದಕ್ಕೆ ಆಗಲಿಲ್ಲ. ಆಮೇಲೆ ತಡೆಯುವುದನ್ನೇ ಬಿಟ್ಟೆ.

ಭಾನುವಾರ ದೊರೆಯನ್ನು ನಮ್ಮ ಕೋಣೆಯಲ್ಲಿ ಕೂಡಿ ಹಾಕಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ನಾದಿನಿಯ ಮನೆಯವರು ಅರಳಗುಪ್ಪೆಯಿಂದ ಸಂಜೆಯೇ ಬಂದರು. ಅವರಿಗೆ ಅಡುಗೆ ಮಾಡಲು ಎದ್ದೆ. ಅಷ್ಟೇ, ಒಂದೂವರೆ ಗಂಟೆ. ಮತ್ತೆ ಬಂದು ನೋಡಿದಾಗ ಕೋಣೆ ತೆರೆದಿತ್ತು. ದೊರೆ ಶೆಡ್ಡಿನ ಮೂಲೆಯಲ್ಲಿ ಮಲಗಿ ತುಟಿ ನೆಕ್ಕುತ್ತಿದ್ದ. ಯಾರು ತೆಗೆದರು, ಯಾರು ಕೊಟ್ಟರು ಎಂದು ಕೇಳಿದೆ. ಎಲ್ಲರೂ ಇನ್ನೊಬ್ಬರ ಮುಖ ನೋಡಿದರು.

ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಇಪ್ಪತ್ತು ಜನರಿದ್ದರು. ನಾದಿನಿ ಮನೆಯವರು, ಅಣ್ಣಯ್ಯನವರು, ಅವರ ಮನೆಯವರು, ಬೀದಿಯ ಹೆಂಗಸರು, ಬಾಗಿಲಲ್ಲಿ ಹುಚ್ಚಕ್ಕ. ದೊರೆಯ ಹಣೆಗೆ ಯಾರೋ ವಿಭೂತಿ ಎಳೆದಿದ್ದರು. ಗಂಟೆ ಬಾರಿಸುವ ಮುಂಚೆಯೇ ಅವನು ಮುಂಗಾಲು ಚಾಚಿದ.

"ಬಂತು, ಬಂತು!" ಎಂದು ಫೋನುಗಳು ಮೇಲೆದ್ದವು.

ಈ ಸಲ ನಡುಕ ಸಣ್ಣದಾಗಿರಲಿಲ್ಲ. ತೊಡೆಯಿಂದ ಬೆನ್ನವರೆಗೂ ಇಡೀ ಮೈ ಅದುರುತ್ತಿತ್ತು. ಕೆಳಗೆ ಜೊಲ್ಲಿನ ಮಡು. ಒಸಡು ಬೆಳ್ಳಗಾಗಿತ್ತು, ಅದು ನಾನಿದ್ದಲ್ಲಿಗೇ ಕಾಣುತ್ತಿತ್ತು. ಅಣ್ಣಯ್ಯನವರು ತಟ್ಟೆಯಲ್ಲಿ ಕೊಬ್ಬರಿ ಬೆಲ್ಲ ಹಿಡಿದು, "ಮೊದಲು ಭಕ್ತನಿಗೆ," ಎನ್ನುತ್ತ ಬಗ್ಗಿದರು.

ನಾನು ತಟ್ಟೆ ಕಿತ್ತುಕೊಂಡೆ.

"ಇದು ನಮಸ್ಕಾರ ಅಲ್ಲ," ಎಂದೆ. "ಹೊಟ್ಟೆನೋವು. ಅವನ ಕಾಲು ನೋಡಿ. ಫೋನ್ ಇಳಿಸಿ, ಕಾಲು ನೋಡಿ."

"ದೇವರ ಮುಂದೆ ಹಂಗೆಲ್ಲ ಅನ್ನಬಾರದು ಕಣವ್ವ," ಎಂದಳು ಯಾರೋ ಅಜ್ಜಿ.

"ದೇವರಿಗೆ ಗೊತ್ತು ಅಜ್ಜಿ, ನಮಗೆ ಗೊತ್ತಿಲ್ಲದ್ದು. ಎಂಟು ದಿನದ ಹಿಂದೆ ಇವನು ಸ್ಕೂಟರಿಗೂ ಹೀಗೇ ನಮಸ್ಕಾರ ಹಾಕಿದ. ಬನ್ನಿ, ಸ್ಕೂಟರಿಗೂ ಎಡೆ ಇಡೋಣ."

ಯಾರೋ ಕಿಸಕ್ಕೆಂದರು. ಮಾವನ ಮುಖ ಕಪ್ಪಾಯಿತು. "ಜೀವಿತಾ. ಒಳಗೆ ಹೋಗು."

"ಹೋಗಲ್ಲ ಮಾವ."

ಆ ಮನೆಯಲ್ಲಿ ಆ ಎರಡು ಪದ ಮುಂಚೆ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.  ತಟ್ಟೆಯಿಂದ ಒಂದು ಹೋಳು ತೆಗೆದು ಎಲ್ಲರ ಮುಂದೆ ಬಾಯಿಗೆ ಹಾಕಿಕೊಂಡೆ. ಅಗಿದೆ. ನುಂಗಿದೆ.

"ಅಣ್ಣಯ್ಯನವರೇ, ಕೇಳಿಸ್ಕೊಳ್ಳಿ, ಮಾರ್ಕೆಟ್ಟಲ್ಲಿ ಹೇಳಿ. ನಮ್ಮ ಮಾವನ ಕೊಬ್ಬರಿಯಂಥ ಕೊಬ್ಬರಿ ಈ ತಾಲೂಕಿನಲ್ಲಿಲ್ಲ. ಹೊಗೆ ಇಲ್ಲ, ಗಂಧಕ ಇಲ್ಲ. ನಾನು ದಿನಾ ತಿಂತೀನಿ. ಆದರೆ ಈ ನಾಯಿಗೆ ಅದು ಆಗಲ್ಲ. ಇವನ ತಳಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ, ಸಾಯೋವರೆಗೂ ತಿಂತಾನೆ. ನಾವು ಸಾಯೋವರೆಗೂ ಕೊಡ್ತಿದ್ದೀವಿ. ಈಗ ಯಾರಾದರೂ ಇವನನ್ನ ಎತ್ತೋಕೆ ಬನ್ನಿ, ಇಲ್ಲ ದಾರಿ ಬಿಡಿ."

ಯಾರೂ ಬರಲಿಲ್ಲ. ನಾನು ಬಗ್ಗಿ ದೊರೆಯ ಎದೆಯ ಕೆಳಗೆ ಕೈ ಹಾಕಿದೆ. ನಲವತ್ಮೂರು ಕೆಜಿ, ಒಂದು ಗೇಣು ಮೇಲೆದ್ದ, ಮತ್ತೆ ಜಾರಿದ. ಎರಡನೆಯ ಸಲ ಬಗ್ಗಿದಾಗ ಇನ್ನೊಂದು ಜೊತೆ ಕೈ ಬಂತು. ಎಣ್ಣೆ ಹತ್ತಿ ಕಪ್ಪಾದ, ಚಿಪ್ಪಿನ ಗೀರುಗಳಿದ್ದ ಕೈ. ಹುಚ್ಚಕ್ಕ.

"ಹಿಂದುಗಡೆ ನಾನ್ ಇಡ್ಕೊಂಡೀವ್ನಿ, ನಡಿಯಕ್ಕ," ಎಂದಳು. ಆಮೇಲೆ ಮೆಲ್ಲಗೆ, "ನೆನ್ನೆ ಬಾಗ್ಲು ತೆಗ್ದೋಳು ನಾನೇ ಕಣಕ್ಕಾ. ಒಳಗೆ ಅಳ್ತಿತ್ತು," ಎಂದಳು. ನಾನು ಹಿಡಿತ ಬಿಗಿ ಮಾಡಿದೆ. ಅವನು ಬಹಳ ಭಾರವಿದ್ದ.

ಅಂಗಡಿಯ ಮುಂದೆ ಚೀಲ ಇಳಿಸುತ್ತಿದ್ದ ಲಗೇಜ್ ಆಟೋದಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಸಿದೆವು. ಜ್ಞಾನೇಶ್ ಬಾಗಿಲಲ್ಲಿ ನಿಂತು ಅಪ್ಪನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಟೋ ಹೊರಟ ಮೇಲೆ ಆ ಸ್ಕೂಟರಿನಲ್ಲೇ ಹಿಂದೆ ಬಂದರು.

ದೊರೆ ಐದು ದಿನ ಕ್ಲಿನಿಕ್ಕಿನಲ್ಲಿದ್ದ. ಮುಂಗಾಲಿಗೆ ಸೂಜಿ, ಮೇಲೆ ಸಲೈನ್. ಮೊದಲ ಎರಡು ದಿನ ಡಾಕ್ಟರ್ "ನೋಡೋಣ" ಎಂಬುದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನು ಅವನ ಪಕ್ಕ ಸ್ಟೂಲಿನ ಮೇಲೆ ಕೂತು ಉಸಿರು ಎಣಿಸುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಹುಡುಕುವವಳು ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ಎಣಿಸುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಮಾವ ಬಂದರು. ಒಳಗೆ ಬರಲಿಲ್ಲ, ಬೆಂಚಿನ ಮೇಲೆ ಕೂತರು. ಅಲ್ಲಿ ಒಂದು ಡ್ಯಾಶುಂಡ್ ಇತ್ತು, ಉದ್ದ ಬೆನ್ನು, ಗೇಣುದ್ದದ ಕಾಲು. ಸೋಫಾದಿಂದ ಹಾರಿ ಬೆನ್ನುಮೂಳೆಯ ಡಿಸ್ಕ್ ಜರುಗಿತ್ತು. ಮಾವ ಅದನ್ನೇ ಬಹಳ ಹೊತ್ತು ನೋಡಿದರು. "ಅಲ್ಲಾ, ಇಷ್ಟುದ್ದ ಬೆನ್ನು ಇಟ್ಟು, ಇಷ್ಟೇ ಕಾಲು ಇಟ್ರೆ ಆ ಬೆನ್ನು ತಡೀತದಾ? ಯಾವ ಬುದ್ಧಿವಂತ ಮಾಡ್ದ ಇದನ್ನ?" ಎಂದು ಅದರ ಯಜಮಾನನನ್ನು ಗದರಿದರು. ಆಮೇಲೆ ನನ್ನತ್ತ ತಿರುಗಿ, "ತಿಂತಾ?" ಎಂದರು.

"ಎರಡು ಚಮಚ."

"ಅಷ್ಟೇಯಾ?"

"ಅಷ್ಟೇ ಕೊಡಬೇಕು."

ಜೇಬಿಗೆ ಕೈ ಹಾಕಿದರು. ನಾನು ಎದ್ದು ನಿಂತೆ. ಅವರು ಕರವಸ್ತ್ರ ತೆಗೆದು ಮೂಗೊರೆಸಿಕೊಂಡರು.

ದೊರೆ ಮನೆಗೆ ಬಂದ ದಿನ ಬೋರ್ಡನ್ನು ಈ ಸಲ ತಗಡಿನ ಮೇಲಲ್ಲ, ಅಂಗಡಿಯ ಗೋಡೆಯ ಮೇಲೇ ಬರೆದೆ. ಎಣ್ಣೆ ಬಣ್ಣ. ಬಿಚ್ಚಲಾಗುವುದಿಲ್ಲ. ಮಾವ ಕನ್ನಡಕ ಏರಿಸಿ ಓದಿದರು. ಎರಡು ದಿನ ಬಿಟ್ಟು ಅದರ ಮುಂದೆ ಖಾಲಿ ಚೀಲ ಒಟ್ಟಿದ್ದರು. ನಾನು ಚೀಲ ಸರಿಸಿದೆ. ಈಗಲೂ ವಾರಕ್ಕೊಂದು ಸಲ ಅವರು ಒಟ್ಟುತ್ತಾರೆ, ನಾನು ಸರಿಸುತ್ತೇನೆ. ಅಣ್ಣಯ್ಯನವರ ತಮಾಷೆ ನಿಂತಿಲ್ಲ. ಹೆಂಗಸರಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ದೇವರ ಮುಂದೆ ಎಂಜಲು ಮಾಡಿದವಳು ಎಂದು ಬೀದಿಯಲ್ಲಿ ಹೇಳಿಕೊಂಡು ಬರುತ್ತಾರಂತೆ. ಹೇಳಲಿ.

ಅವನೀಗ ಮೂವತ್ತೇಳು ಕೆಜಿ. ಮೊನ್ನೆ ಸೋಮವಾರ ಮಾವ ಪೂಜೆಗೆ ಕೂತಾಗ ಬಂದು ಹೊರಗೆ ಕುಕ್ಕರಿಸಿದ. ಗಂಟೆ ಬಾರಿಸಿದರು. ಅವನು ಕಿವಿ ಕೆರೆದುಕೊಂಡ. ಆರತಿ ಎತ್ತಿದರು. ಅವನು ಆಕಳಿಸಿದ. ಮಾವ ಆರತಿ ಇಳಿಸಿ ಅವನತ್ತ ತಿರುಗಿದರು.

"ಇವತ್ತೂ ಮಾಡಲಿಲ್ಲ," ಎಂದರು. "ನೀನು ಆ ಡಾಕ್ಟ್ರ ಹತ್ರ ಕರ್ಕೊಂಡು ಹೋದ ಮ್ಯಾಲೆ ಇವನ ಭಕ್ತಿ ಹೋಯ್ತು ಕಣಮ್ಮ."

"ಹೋಗಲಿ ಬಿಡಿ ಮಾವ. ಭಕ್ತಿ ಇಲ್ಲದೆಯೂ ನಾಯಿ ಬದುಕುತ್ತೆ. ಮೇದೋಜೀರಕ ಇಲ್ಲದೆ ಬದುಕಲ್ಲ."

ಅತ್ತೆ ಸೆರಗು ಬಾಯಿಗೆ ಹಿಡಿದರು, ನಗುವಿಗೋ ಸಿಟ್ಟಿಗೋ ತಿಳಿಯಲಿಲ್ಲ. ಮಾವನ ಕೈಯಲ್ಲಿ ನೈವೇದ್ಯದ ಕೊಬ್ಬರಿ ಬಟ್ಟಲಿತ್ತು. ದೊರೆಯ ಕಣ್ಣು ಆ ಬಟ್ಟಲು ಹೋದ ಕಡೆಗೆಲ್ಲ ಹೋಗುತ್ತಿತ್ತು. ಮಾವನ ಹೆಬ್ಬೆರಳು ಬಟ್ಟಲಿನ ಅಂಚನ್ನು ಒತ್ತುತ್ತಿತ್ತು, ಮುರಿಯುವುದಕ್ಕೆ ಮುಂಚೆ ಒತ್ತುವ ಹಾಗೆ.

ನಾನು ಹೋಗಿ ಅವರಿಬ್ಬರ ನಡುವೆ, ಹೊಸ್ತಿಲ ಮೇಲೆ ಕೂತೆ.

"ಹೊಸ್ತಿಲ ಮ್ಯಾಲೆ ಕೂತ್ಕೋಬಾರದು ಕಣೇ," ಎಂದರು ಅತ್ತೆ.

"ಗೊತ್ತು ಅತ್ತೆ," ಎಂದೆ. ಏಳಲಿಲ್ಲ.